ದಳವಾಯಿ ಮುಂದ, ನಾವೆಲ್ಲ ಹಿಂದ

ನಮ್ಮೂರಿನಲ್ಲಿ ಹುಕುಂ ಹಾಡುವ ಕೆಲಸ ನನ್ನದು. ನನಗಿಂತ ಮೊದಲು ಅವ್ವ ಹಾಡುತ್ತಿದ್ದಳು, ಅವಳಿಗಿಂತ ಮೊದಲು ಅವಳ ಸೋದರತ್ತೆ. ದೊಡ್ಡ ಕಚೇರಿಯಿಂದ ಯಾವ ಅಪ್ಪಣೆ ಬಂದರೂ ಅದಕ್ಕೆ ಪದ ಕಟ್ಟಿ, ಸಂತೆಕಟ್ಟೆಯ ಮೇಲೆ ನಿಂತು ಹಾಡಬೇಕು. ನುಡಿಗಳನ್ನು ಜನ ಸುಮ್ಮನೆ ಕೇಳುತ್ತಾರೆ. ಸೊಲ್ಲು, ಅಂದರೆ ಪದದ ಪಲ್ಲವಿ, ಬಂದಾಗ ಇಷ್ಟವಿದ್ದರೆ ದನಿಗೂಡಿಸುತ್ತಾರೆ. ಸಂತೆ ದನಿಗೂಡಿಸಿತು ಅಂದರೆ ಮುಗಿಯಿತು, ಸೊಲ್ಲಿನಲ್ಲಿ ಇದ್ದದ್ದು ಆಗಿಯೇ ತೀರುತ್ತದೆ. ಗಟಾರ ಬಳಿಯುವ ಹುಕುಂ ಹಾಡಿದ ಮರುದಿನ ಊರಿನ ಕೈಗಳೆಲ್ಲ ತಾವಾಗಿ ಸಲಿಕೆ ಹಿಡಿದವು. ಹಾಸಿಗೆಯಿಂದ ಏಳುವುದಿಲ್ಲ ಎಂದು ಹಟ ಹಿಡಿದಿದ್ದ ಎಣ್ಣೆಗಾಣದ ಸಾವುಕಾರರು ರೇಷ್ಮೆ ರುಮಾಲು ಸುತ್ತಿಕೊಂಡೇ ಗಟಾರದೊಳಗೆ ಇಳಿದಿದ್ದರು.

ಹೀಗಾಗಿ ಸಂತೆಯ ದಿನ ನಮ್ಮ ಜನ ಬಾಯಿಯ ಬಗ್ಗೆ ಬಹಳ ಎಚ್ಚರ. ಹೊಸ ಹುಕುಂ ಬರುವ ಸುದ್ದಿ ಇದ್ದರೆ ತಾಯಂದಿರು ಮಕ್ಕಳ ಬಾಯಿಗೆ ಬೆಲ್ಲದ ಚೂರು ಹಾಕಿ ಕರೆತರುತ್ತಾರೆ. ವ್ಯಾಪಾರಿಗಳು ಎಲೆಅಡಿಕೆಯನ್ನು ದವಡೆಯಲ್ಲೇ ಇಟ್ಟುಕೊಳ್ಳುತ್ತಾರೆ. ಸುಮ್ಮಸುಮ್ಮನೆ ಗುನುಗುವ ಚಟ ಇರುವವರನ್ನು ಮನೆಯವರು ಮೊಳಕೈಯಿಂದ ತಿವಿಯುತ್ತಿರುತ್ತಾರೆ. ಜನಕ್ಕೆ ಹಿಡಿಸದ ಹುಕುಂ ಬಂದರೆ ಸಂತೆಯಲ್ಲಿ ಹೋರಿಗಳು ಮೆಲುಕು ಹಾಕುವ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ನಾನು ಎಷ್ಟು ಚಂದ ಹಾಡಿದರೂ ಅಷ್ಟೇ. ಅದಕ್ಕೆ ನಾನು ಬೇಸರಪಟ್ಟವಳಲ್ಲ. ನನ್ನ ಕಂಠ ಏನೆಂದು ನನಗೆ ಗೊತ್ತಿದೆ.

ನಮ್ಮ ಹೊಳೆಯ ನಡುವೆ ಒಂದು ಮರಳಿನ ಗಡ್ಡೆ ಇದೆ. ಬೇಸಿಗೆಯಲ್ಲಿ ಮಾತ್ರ ಮೇಲೆ ಬರುತ್ತದೆ. ಅಲ್ಲಿ ಬೆಳೆಯುವ ಕಲ್ಲಂಗಡಿ ಸಕ್ಕರೆಯಂತೆ ಸಿಹಿ. ಅದು ಈ ದಂಡೆಯದೋ ಆ ದಂಡೆಯದೋ ಎಂದು ಹಿಂದೆ ಒಮ್ಮೆ ಯುದ್ಧವಾಗಿತ್ತು. ಆ ಯುದ್ಧದ ಹುಕುಂ ಹಾಡಿದವಳು ನನ್ನ ಅವ್ವ. ಸಂತೆಗೆ ಸಂತೆಯೇ ದನಿಗೂಡಿಸಿತಂತೆ. ಅಪ್ಪ ಆ ಹಾಡಿನ ಹಿಂದೆಯೇ ಹೊಳೆಗೆ ಇಳಿದವನು ತಿರುಗಿ ಬರಲಿಲ್ಲ. ಅಂದಿನಿಂದ ಅವ್ವ ಹಾಡುವುದನ್ನು ಬಿಟ್ಟಳು, ಜೋಗುಳವನ್ನು ಕೂಡ. ನನ್ನ ತಮ್ಮ ಬಾಳಪ್ಪ ಆಗ ತೊಟ್ಟಿಲಲ್ಲಿದ್ದ.

ಈ ಸಲ ಆ ದಂಡೆಯವರು ಗಡ್ಡೆಯಲ್ಲಿ ಬಳ್ಳಿ ಹಬ್ಬಿಸಿದ್ದಾರೆ ಎಂಬ ಸುದ್ದಿ ಬಂದಾಗ ನಮ್ಮ ದಳವಾಯಿ ರುದ್ರಗೌಡರು ನನ್ನನ್ನು ದೊಡ್ಡ ಕಚೇರಿಗೆ ಕರೆಸಿದರು. ಮನೆಗೊಬ್ಬ ಗಂಡಸು ದಂಡಿಗೆ ಬರಬೇಕು, ಹುಕುಂ ಕೊಟ್ಟವರ ಮನೆಯೊಂದನ್ನು ಬಿಟ್ಟು. ಹುಕುಂ ಕೊಟ್ಟವರು ಅವರೇ. ಅವರ ಮನೆಯಲ್ಲಿ ಕಂಬದಂಥ ಇಬ್ಬರು ಮಕ್ಕಳಿದ್ದರು.

"ಪದ ಹೆಂಗಿರಬೇಕಂದ್ರ ಲಗಮವ್ವ, ವೀರರ ರಕ್ತಕ್ಕ ಗಡ್ಡ್ಯಾಗಿನ ಕಲ್ಲಂಗಡಿ ಕೆಂಪಾಗಬೇಕು. ಹಂಗ ಕಟ್ಟು," ಎಂದರು.

ನಾನು ತಲೆಯಾಡಿಸಿ ಬಂದೆ. ಒಲ್ಲೆ ಅನ್ನಬಹುದಿತ್ತು. ಆದರೆ ಒಲ್ಲೆ ಅಂದರೆ ಅವರ ಕಾರಕೂನನೇ ಕಟ್ಟೆ ಹತ್ತುತ್ತಿದ್ದ, ಅವನ ದನಿಯೂ ಕೆಟ್ಟದ್ದಲ್ಲ. ಮತ್ತೆ ಜನ ಆಗಲೇ ಕುದಿಯುತ್ತಿದ್ದರು, ಯಾರು ಹಾಡಿದರೂ ಹಿಡಿದುಬಿಡುತ್ತಿದ್ದರು. ಯುದ್ಧದಂಥ ದೊಡ್ಡ ಹುಕುಂಗೆ ಒಂದು ಸಂತೆ ಸಾಲದು, ಅಮಾವಾಸ್ಯೆಯ ಸಂತೆ, ಹುಣ್ಣಿಮೆಯ ಸಂತೆ ಎರಡರಲ್ಲೂ ಜನ ದನಿಗೂಡಿಸಬೇಕು. ನಡುವೆ ಪದ ಬದಲಿಸಬಹುದು, ಸೊಲ್ಲನ್ನೂ ಬದಲಿಸಬಹುದು. ಹುಕುಂ ಕೊಟ್ಟವರು ಮೊದಲೇ ಕೇಳಿ ಒಪ್ಪಿರಬೇಕು, ಅಷ್ಟೆ. ಎರಡನೆಯ ಸಲ ಹಿಡಿದ ಸೊಲ್ಲೇ ಕೊನೆಯ ಮಾತು.

ನಾನು ಜಾಣತನ ಮಾಡಿದೆ ಅಂದುಕೊಂಡು ಅಮಾವಾಸ್ಯೆಯ ಸಂತೆಗೆ ಅಳುವ ಪದ ಕಟ್ಟಿದೆ. ಹಿಂದಿನ ಯುದ್ಧದಲ್ಲಿ ಹೋದವರ ಹೆಸರುಗಳನ್ನು ಒಂದೊಂದಾಗಿ ತಂದೆ. ಉಣ್ಣುವಾಗ ಪಕ್ಕದಲ್ಲಿ ಖಾಲಿ ಉಳಿದ ಜಾಗ, ಗೂಟಕ್ಕೆ ತೂಗಿಬಿಟ್ಟ ಅಂಗಿ, ಅಪ್ಪನ ಮುಖ ನೋಡದ ಕೂಸು, ಎಲ್ಲ ಇತ್ತು. ಇದನ್ನು ಕೇಳಿದ ಮೇಲೆ ಯಾರಿಗೆ ದಂಡಿಗೆ ಹೋಗಲು ಮನಸ್ಸು ಬಂದೀತು ಎಂಬುದು ನನ್ನ ಲೆಕ್ಕ. ದಪ್ಪು ಬಾರಿಸುವ ಲಾಲಸಾಬ ಕಾಕಾನೇ ತಾಳ ತಪ್ಪಿದ. ಸಂತೆ ಬಿಕ್ಕಿಬಿಕ್ಕಿ ಅತ್ತಿತು. ಸೊಲ್ಲು ಬರುವ ಹೊತ್ತಿಗೆ ಆ ಅಳು ಸಿಟ್ಟಾಗಿಬಿಟ್ಟಿತ್ತು. ಕಣ್ಣೊರೆಸಿಕೊಂಡ ಕೈಯನ್ನೇ ಮುಷ್ಟಿ ಮಾಡಿ ಮೇಲೆತ್ತಿ, ಗೌಡರು ಕೊಟ್ಟಿದ್ದ "ನಡಿ ತಮ್ಮ ದಂಡಿಗೆ" ಎಂಬ ಸೊಲ್ಲನ್ನು ಹೊಳೆಯ ಆಚೆಗೂ ಕೇಳುವಂತೆ ಹಿಡಿದರು. ನನ್ನ ಜೀವಮಾನದಲ್ಲಿ ಯಾವ ಸೊಲ್ಲಿಗೂ ಅಂಥ ದನಿ ಬಿದ್ದಿರಲಿಲ್ಲ.

ರುದ್ರಗೌಡರು ಕಟ್ಟೆಯ ಹತ್ತಿರ ಬಂದು, "ಶಾಬಾಸ್! ಸತ್ತವರನ್ನ ನೆನಸಿ ಬೆಂಕಿ ಹಚ್ಚಿದಿ ನೋಡು," ಎಂದರು.

ಆಗಲೇ ಅರ್ಧ ಹುಕುಂ ಊರಿನ ಮೈಯಲ್ಲಿ ಇಳಿದಿತ್ತು. ಗಂಡಸರು ನಡೆಯುವಾಗ ಅವರ ಪಾದಗಳು ತಾವಾಗಿ ಹೊಳೆಯ ಕಡೆ ವಾಲುತ್ತಿದ್ದವು. ಹೆಂಡತಿಯರು ಗಂಡಂದಿರನ್ನು ಬಾಗಿಲ ಕಡೆ ತಿರುಗಿಸಿ ನಿಲ್ಲಿಸಿ ಕೆಲಸಕ್ಕೆ ಕಳಿಸುತ್ತಿದ್ದರು. ಕ್ಷೌರದ ಕುರ್ಚಿಗಳನ್ನು ಕೂಡ ಹೊಳೆಗೆ ಮುಖ ಮಾಡಿ ಇಡಬೇಕಾಯಿತು. ಇಲ್ಲದಿದ್ದರೆ ಕೂತವರು ತಿರುಗಿ ತಿರುಗಿ ಕಿವಿ ಕೊಯ್ಸಿಕೊಳ್ಳುತ್ತಿದ್ದರು. ಬಾಳಪ್ಪ ದರ್ಜಿ. ದಂಡಿನವರ ಅಂಗಿಗಳನ್ನೆಲ್ಲ ಅವನೇ ಹೊಲಿಯುತ್ತಿದ್ದ. ಮಷೀನು ತುಳಿಯುತ್ತಿದ್ದ ಅವನ ಎರಡೂ ಕಾಲು ಓರೆಯಾಗಿ ಹಿತ್ತಲಿನತ್ತ, ಅಂದರೆ ಹೊಳೆಯತ್ತ, ಎಳೆಯುತ್ತಿದ್ದವು. ಅವನಿಗೆ ಅದು ಸಂತೋಷವೇ. ತನ್ನ ಅಳತೆಯ ಅಂಗಿಯನ್ನು ಎಲ್ಲರಿಗಿಂತ ಮೊದಲು ಹೊಲಿದು ಗೂಟಕ್ಕೆ ಹಾಕಿದ್ದ.

ಅವ್ವ ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಗೌಡರು ಹೇಳಿದ ಮಾತನ್ನು ಅವಳ ಮುಂದೆ ಆಡಿ ತೋರಿಸಿದೆ, ವೀರರ ರಕ್ತಕ್ಕೆ ಕಲ್ಲಂಗಡಿ ಕೆಂಪಾಗುವ ಮಾತನ್ನು. ಅವ್ವ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ಕೇಳಿದಳು: "ಹಂಗಾದ್ರ ಆಮ್ಯಾಲ ಆ ಹಣ್ಣು ತಿನ್ನೋರು ಯಾರು?"

ಒಂದು ಗಳಿಗೆ ನಾನು ಅವಳ ಮುಖ ನೋಡಿದೆ. ಆಮೇಲೆ ಇಬ್ಬರಿಗೂ ನಗು ತಡೆಯಲಿಲ್ಲ. ಅವ್ವ ಅಷ್ಟು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮೊರದಲ್ಲಿದ್ದ ಶೇಂಗಾ ಎಲ್ಲ ಚೆಲ್ಲಿದವು. ಲಾಲಸಾಬ ಕಾಕಾ ದಪ್ಪಿಗೆ ಬಿಸಿಲು ತೋರಿಸುತ್ತ ಅಂಗಳದಲ್ಲಿದ್ದ. "ಏನವಾ, ತಾಯಿ ಮಗಳು ಕೂಡಿ ಗೌಡ್ರ ಮಾನ ಕಳೀಲಿಕ್ಕತ್ತೀರಿ?" ಎಂದ.

"ಇಲ್ಲ ಕಾಕಾ, ಹೊಗಳ್ಳಿಕ್ಕತ್ತೀವಿ," ಎಂದೆ. ಹಾಗೆ ಅಂದ ಮೇಲೆ ನನಗೆ ದಾರಿ ಕಂಡಿತು. ಅಳುವ ಜನ ನೆಲ ನೋಡುತ್ತಾರೆ, ಒಬ್ಬೊಬ್ಬರೂ ತಮ್ಮ ತಮ್ಮ ನೋವಿನ ಜೊತೆ ಒಂಟಿ. ಆ ನೋವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಿ ಈಟಿಯ ತುದಿಗೆ ಕಟ್ಟಬಹುದು. ನಗುವವನು ಮೊದಲು ಪಕ್ಕದವನ ಮುಖ ನೋಡುತ್ತಾನೆ, ನಿನಗೂ ತಿಳಿಯಿತೇ ಎಂದು.

ಹೊಗಳುವ ಪದ ಕಟ್ಟತೊಡಗಿದೆ. ಬೈಗುಳದ ಒಂದು ಅಕ್ಷರವೂ ಇರಬಾರದು. ಎಲ್ಲವೂ ಯುದ್ಧದ ಗುಣಗಾನವೇ ಆಗಬೇಕು, ಎಷ್ಟು ಹೊಗಳಬೇಕೆಂದರೆ ಹೊಗಳಿಕೆಯ ಭಾರಕ್ಕೇ ಅದು ಕುಸಿಯಬೇಕು. ಮಾತುಗಳು ಒಂದರ ಹಿಂದೊಂದು ಬರುತ್ತಿದ್ದವು. ಕಾಕಾ ದಪ್ಪಿನ ಮೇಲೆ ಬೆರಳಾಡಿಸುತ್ತ ಜೊತೆಗೆ ಬಂದ. ಎರಡು ನುಡಿ ಆದ ಮೇಲೆ ಮೂರನೆಯದನ್ನು ದಂಡಿಗೆ ಹೊರಟವರ ಮೇಲೆ ಕಟ್ಟಿದೆ. ಗುಂಡಿ ಹೊಲಿದ ಅಂಗಿ ತೊಟ್ಟು, ಮೀಸೆಗೆ ಎಣ್ಣೆ ಹಚ್ಚಿ ಹೊರಟಿದ್ದಾರೆ, ಬಲಿ ಕೊಡುವ ಕುರಿಗೂ ಇಷ್ಟು ಚಂದದ ಸಿಂಗಾರ ಇಲ್ಲ ಅನ್ನುವ ನುಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅದೇ. ಮಧ್ಯಾಹ್ನ ಬಾಳಪ್ಪ ಉಣ್ಣಲು ಕೂತಾಗ ಹಾಡಿ ತೋರಿಸಿದೆ.

ಅವನು ಮೊದಲೆರಡು ನುಡಿಗೆ ತುಟಿಯಂಚಿನಲ್ಲಿ ನಕ್ಕ. ಕುರಿಯ ನುಡಿ ಬಂದಾಗ ತುತ್ತನ್ನು ತಟ್ಟೆಗೆ ಇಳಿಸಿದ.

"ನನಗ ಕುರಿ ಅಂದ್ಯಾ ಅಕ್ಕಾ?"

"ನಿನಗಲ್ಲೋ. ಪದ ಅದು."

"ಅಂಗಿ ಹೊಲಿದಾಂವ ನಾನು. ತೊಡಾಂವ ನಾನು. ಮತ್ತ್ಯಾರಿಗೆ ಅಂದಿ?" ಅವನು ಎದ್ದು ಕೈ ತೊಳೆದುಕೊಂಡ. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆಯೇ ಹೇಳಿದ: "ಅಪ್ಪ ಹೋದ ಹೊಳಿ ಅದು. ನಾ ಹೋಗಲಿಲ್ಲಂದ್ರ ಅಪ್ಪ ಸುಮ್ಮನ ಸತ್ತಂಗ ಆಗತೈತಿ. ನಿನಗ ನಗಿ ಬಂತು, ನಗು."

ಅವನು ಹೋದ ಮೇಲೆ ನಾನು ತಟ್ಟೆ ಎತ್ತಿದೆ. ಅವನ ಅರ್ಧ ಉಂಡ ರೊಟ್ಟಿ ಹಾಗೇ ಇತ್ತು. ನನಗೆ ಸಿಟ್ಟು ಬಂದದ್ದು ನಿಜ. ಸಾಯಲು ಹೊರಟವನಿಗೆ ನನ್ನ ಪದದ ಮೇಲೆ ಮುನಿಸೇ ಎಂದು. ಆದರೆ ಯೋಚಿಸಿದಷ್ಟೂ ಅವನ ಮಾತೇ ಸರಿ ಕಂಡಿತು. ಅವನನ್ನು ನಗೆಪಾಟಲು ಮಾಡಿದರೆ ಅವನು ಇನ್ನಷ್ಟು ಬಿಗಿಯಾಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ, ಅಷ್ಟೆ. ಹೋಗುವವರ ಎದೆಯಲ್ಲಿ ಏನೇನೋ ಇರುತ್ತದೆ, ಅಪ್ಪ ಇರುತ್ತಾನೆ. ನಗಬೇಕಾದದ್ದು ಕಳಿಸುವವರನ್ನು ನೋಡಿ. ಚಂದದ ನುಡಿಯನ್ನು ಕಿತ್ತು ಹಾಕುವುದು ಸುಲಭವಲ್ಲ, ಹಾಡುವವರಿಗೆ ಗೊತ್ತು. ಕಿತ್ತು ಹಾಕಿದೆ. ಅದರ ಜಾಗದಲ್ಲಿ ಗೌಡರನ್ನು ತಂದು ಕೂರಿಸಿದೆ. ಸೊಲ್ಲನ್ನೂ ಬದಲಿಸಿದೆ.

ಹುಣ್ಣಿಮೆಗೆ ಮೊದಲು ಪದ ಒಪ್ಪಿಸಲು ನಾನೂ ಕಾಕಾನೂ ದಳವಾಯಿಯವರ ವಾಡೆಗೆ ಹೋದೆವು. ರುದ್ರಗೌಡರು ಗಾದಿಯ ಮೇಲೆ ಒರಗಿ ಕೂತಿದ್ದರು. ಅವರ ಹೆಂಡತಿ ನಿಂಬೆವ್ವ ಕಂಬದ ಹತ್ತಿರ ನಿಂತಿದ್ದರು. ನಾನು ಮುಖದಲ್ಲಿ ಭಕ್ತಿ ತುಂಬಿಕೊಂಡು ಹಾಡಿದೆ:

"ಗಡ್ಡ್ಯಾಗ ಬೆಳದೈತಿ ಕಲ್ಲಂಗಡಿ
ಹಣ್ಣಿಗೊಬ್ಬನಂಗ ಮಕ್ಕಳ ಕೊಡಿ
ಇಷ್ಟು ಸಸ್ತಾ ಎಲ್ಲೈತಿ, ಹೇಳಿಬಿಡಿ

ಕಾಲು ಹೋದವಗ ಕೋಲು ಕೊಡತಾರ
ಕಣ್ಣು ಹೋದವಗ ಕನ್ನಡಿ ಕೊಡತಾರ
ಜೀವ ಹೋದವಗ ಶಾಲು ಹೊಚ್ಚತಾರ
ದಳವಾಯ್ರ ಮನಸು ಎಂಥಾ ಉದಾರ"

"ತಡಿ ತಡಿ," ಎಂದು ಗೌಡರು ಕೈ ಎತ್ತಿದರು. ಕಾಕಾನ ದಪ್ಪು ನಿಂತಿತು. "ಕಣ್ಣು ಹೋದಾಂವಗ ಕನ್ನಡಿ ಯಾಕ?"

"ಪ್ರಾಸಕ್ಕ ರೀ," ಎಂದೆ.

"ಹಾಂ, ಪ್ರಾಸ ಬೇಕು, ಪ್ರಾಸ ಬೇಕು," ಎಂದು ಮತ್ತೆ ಒರಗಿದರು. ನಾನು ಮುಂದುವರಿಸಿದೆ:

"ಸತ್ತವರ ಕಷ್ಟ ಸತ್ತಾಗ ಮುಗೀತು
ದಳವಾಯ್ರ ಕಷ್ಟ ಯಾರಿಗೆ ತಿಳೀತು
ಗಾದಿಯ ಮ್ಯಾಲ ಕುಂತು ಕುಂತು
ಅಳಬೇಕು ಪಾಪ, ಉಂಡು ಮಲಗೂ ಹೊತ್ತು

ದಳವಾಯಿ ಮುಂದ ಮುಂದ
ನಾವೆಲ್ಲ ಅವರ ಹಿಂದ"

ಗೌಡರ ಕಣ್ಣಲ್ಲಿ ನೀರು. ನಿಜವಾಗಿಯೂ ನೀರು. ತಮ್ಮ ಕಷ್ಟವನ್ನು ಊರು ಈ ತನಕ ಅರಿಯಲಿಲ್ಲ ಎಂಬ ದುಃಖ ಅವರಿಗೆ ಒಳಗೇ ಇತ್ತೆಂದು ಕಾಣುತ್ತದೆ. ಅವರು ಹೆಂಡತಿಯ ಕಡೆ ನೋಡಿ, "ಹೆಂಗೈತಿ?" ಎಂದರು.

ನಿಂಬೆವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರ ಭುಜ ಸ್ವಲ್ಪ ಅಲುಗುತ್ತಿತ್ತು. ನನ್ನ ಕಣ್ಣನ್ನು ನೇರವಾಗಿ ನೋಡಿದರು, ಆಗ ನನಗೆ ತಿಳಿಯಿತು, ಅವರಿಗೆ ಎಲ್ಲವೂ ತಿಳಿದಿದೆ ಎಂದು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು, ಪದವೂ ನಾನೂ. ಅವರು ಸೆರಗು ಇಳಿಸಿ, ಶಾಂತವಾಗಿ, "ನಿಮಗ ತಕ್ಕ ಪದ ಐತಿ ನೋಡ್ರಿ," ಎಂದರು.

ಗೌಡರು ಪದ ಒಪ್ಪಿದರು.

ಹುಣ್ಣಿಮೆಯ ಸಂತೆಗೆ ನಮ್ಮೂರು ಅಷ್ಟು ಜನರನ್ನು ಕಂಡಿರಲಿಲ್ಲ. ದಂಡಿಗೆ ಹೊರಟವರು ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು, ಬಾಳಪ್ಪ ಮೊದಲ ಸಾಲಿನಲ್ಲಿ. ನನ್ನ ಜೊತೆ ಮಾತು ಬಿಟ್ಟಿದ್ದ, ನನ್ನ ಕಡೆ ನೋಡಲಿಲ್ಲ. ಗೌಡರು ಎತ್ತರದ ಕುರ್ಚಿಯಲ್ಲಿ. ಜನರ ಕಣ್ಣು ಆಗಲೇ ಒದ್ದೆ. ಮತ್ತೆ ಅಳುವ ಪದವೇ ಬರುತ್ತದೆಂದು ಅತ್ತು ಸಿದ್ಧವಾಗಿದ್ದರು.

ಕಲ್ಲಂಗಡಿಯ ನುಡಿ ಹಾಡಿದಾಗ ಜನ ಗಲಿಬಿಲಿಗೊಂಡರು. ಕಾಲು ಹೋದವನಿಗೆ ಕೋಲು ಕೊಡುವ ಸಾಲು ಬಂದಾಗ, ಹಿಂದಿನ ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದ ಬಳೆಗಾರ ಮುದುಕ ತನ್ನ ಕೋಲನ್ನೇ ನೋಡಿಕೊಂಡ. ಕನ್ನಡಿ ಬಂತು ನೋಡಿ, ಅವನೇ ಮೊದಲು ನಕ್ಕಿದ್ದು. ಹಲ್ಲಿಲ್ಲದ ಬಾಯಿಯಿಂದ ದೊಡ್ಡ ನಗು. ಅವನ ಪಕ್ಕದವಳು ಅವನ ಮುಖ ನೋಡಿದಳು, ತಾನೂ ನಕ್ಕಳು. ನಗು ಸಂತೆಯಲ್ಲಿ ಕೈಯಿಂದ ಕೈಗೆ ಹೋದಂತೆ ಹೋಯಿತು. ಗೌಡರು ತಮ್ಮ ಉದಾರ ಮನಸ್ಸಿಗೆ ಜನ ಸಂತೋಷಪಡುತ್ತಿದ್ದಾರೆಂದು ತಲೆಯಾಡಿಸುತ್ತಿದ್ದರು, ಅದನ್ನು ನೋಡಿ ನಗು ಇನ್ನೂ ಹೆಚ್ಚಾಯಿತು. ಗಾದಿಯ ನುಡಿ ಮುಗಿಯುವ ಹೊತ್ತಿಗೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹೊಟ್ಟೆ ಹಿಡಿದುಕೊಂಡಿದ್ದರು.

ಆಮೇಲೆ ಸೊಲ್ಲು. ನಾನು ಒಂದು ಸಲ ಹಾಡಿ ನಿಂತೆ. ಕಾಕಾ ದಪ್ಪು ಬಾರಿಸುತ್ತಲೇ ಇದ್ದ. ಸಂತೆ ಒಮ್ಮೆಲೇ ಸುಮ್ಮನಾಯಿತು. ನಗುವುದು ಬೇರೆ. ದಳವಾಯಿಯ ಎದುರು ದಳವಾಯಿಯನ್ನೇ ಹೊಳೆಗೆ ಇಳಿಸುವ ಸೊಲ್ಲು ಹಿಡಿಯುವುದು ಬೇರೆ. ಸುಮ್ಮನಿದ್ದರೆ ಆ ದಿನಕ್ಕೆ ಹುಕುಂ ಬಿದ್ದುಹೋಗುತ್ತಿತ್ತು, ನಿಜ. ಆದರೆ ಮುಂದಿನ ಅಮಾವಾಸ್ಯೆಗೆ ಕಾರಕೂನ ಬೇರೆ ಪದದೊಂದಿಗೆ ಕಟ್ಟೆ ಹತ್ತುತ್ತಿದ್ದ. ನಾನು ಇನ್ನೊಮ್ಮೆ ಹಾಡಿದೆ. ಯಾರ ಬಾಯಿಯೂ ತೆರೆಯಲಿಲ್ಲ. ನನ್ನ ಕಂಠ ಮೊದಲ ಸಲ ಒಂಟಿ ಅನ್ನಿಸಿತು.

ಆಗ ಕುರ್ಚಿಯ ಹಿಂದಿನಿಂದ ಒಂದು ಹೆಣ್ಣು ದನಿ ಎದ್ದಿತು. ಚೆನ್ನಾಗಿರಲಿಲ್ಲ, ಶ್ರುತಿ ಬಿಟ್ಟಿತ್ತು, ಆದರೆ ಗಟ್ಟಿಯಾಗಿತ್ತು. "ದಳವಾಯಿ ಮುಂದ ಮುಂದ," ಎಂದು ನಿಂಬೆವ್ವ ಹಾಡುತ್ತಿದ್ದರು. ಗೌಡರು ಹೆಮ್ಮೆಯಿಂದ ಹೆಂಡತಿಯತ್ತ ತಿರುಗಿ ನಕ್ಕರು. ಅಷ್ಟು ಸಾಕಾಯಿತು. ಸಂತೆಗೆ ಸಂತೆಯೇ ಬಾಯಿ ತೆರೆಯಿತು. ಮಕ್ಕಳು ಬೆಲ್ಲ ಉಗುಳಿ ಹಾಡಿದರು, ವ್ಯಾಪಾರಿಗಳು ಎಲೆಅಡಿಕೆ ಉಗುಳಿ ಹಾಡಿದರು.

ಮರುದಿನ ಬೆಳಿಗ್ಗೆ ದಂಡು ಹೊರಟಿತು. ಹೊರಡಲೇಬೇಕಾಗಿತ್ತು. ರುದ್ರಗೌಡರು ವಾಡೆಯ ಮಹಡಿಯಿಂದ ಕೈ ಬೀಸಲು ನಿಂತಿದ್ದವರು, ಕೈ ಮೇಲೆತ್ತಿದ ಹಾಗೆಯೇ ಮೆಟ್ಟಿಲು ಇಳಿದು ಬಂದರಂತೆ. ಅವರ ಕಾಲುಗಳು ಅವರನ್ನು ಸಾಲಿನ ಪಕ್ಕದಿಂದ ಸರಸರ ನಡೆಸಿ ಎಲ್ಲರಿಗಿಂತ ಮುಂದೆ ತಂದು ನಿಲ್ಲಿಸಿದವು. ಅವರು ಹಿಂದೆ ಸರಿಯಲು ನೋಡಿದರೆ ಇಡೀ ದಂಡು ಅವರ ಹಿಂದೆಯೇ ಸರಿಯುತ್ತಿತ್ತು. ನಾವು ಹೆಂಗಸರೆಲ್ಲ ದಂಡೆಯ ಮೇಲೆ ನಿಂತಿದ್ದೆವು. ಆಚೆ ದಂಡೆಯವರು ಗಡ್ಡೆಯ ಮೇಲೆ ಈಟಿ ಹಿಡಿದು ಕಾದಿದ್ದರು.

ಗೌಡರ ಪಾದಕ್ಕೆ ಹೊಳೆಯ ನೀರು ತಾಗಿತು. ಅಲ್ಲಿ ನಿಂತರು. ಮುಂದೆ ಈಟಿಗಳು, ಹಿಂದೆ ಊರು. ಅವರು ಒಂದು ಹೆಜ್ಜೆ ಇಟ್ಟರೆ ಹಿಂದಿನವರು ಒಂದು ಹೆಜ್ಜೆ, ಸೊಲ್ಲು ಹಾಗೇ ಇತ್ತು. ಅವರು ಇಡಲಿಲ್ಲ. ಬಿಸಿಲೇರಿತು. ಯಾರೂ ನಗಲಿಲ್ಲ, ಯಾರೂ ಕೂಗಲಿಲ್ಲ. ಕೊನೆಗೆ ಅವರು ಯಾರ ಕಡೆಗೂ ನೋಡದೆ, "ಈ ವರ್ಷ ನೀರು ಭಾಳ ತಣ್ಣಗೈತಿ," ಎಂದು ಹೇಳಿ ಊರ ಕಡೆ ತಿರುಗಿದರು. ದಂಡು ಬಿರಿದು ಅವರಿಗೆ ದಾರಿ ಬಿಟ್ಟು, ಮತ್ತೆ ಕೂಡಿಕೊಂಡು, ಅವರ ಹಿಂದೆಯೇ ಮನೆಗೆ ಬಂತು.

ಸಂಜೆ ಅವರು ನನ್ನನ್ನು ಕರೆಸಿದರು. "ಲಗಮವ್ವ, ಖರೇ ಹೇಳು. ನನ್ನ ಹೊಗಳಿದಿಯೋ, ಬೈದಿಯೋ?"

"ನೀವ ಒಪ್ಪಿದ ಪದ ರೀ. ಒಂದು ಅಕ್ಷರ ಹೆಚ್ಚು ಕಡಿಮಿ ಹಾಡಿಲ್ಲ," ಎಂದೆ. ಅವರು ಮುಂದೇನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಬಾಳಪ್ಪ ಅಂಗಿ ಬಿಚ್ಚಿ ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ತಾನಾಗಿಯೇ ನನ್ನನ್ನು ಮಾತಾಡಿಸಿದ. "ನಾ ಅವರ ಬೆನ್ನ ಹಿಂದನ ನಿಂತಿದ್ದೆ ಅಕ್ಕಾ. ಅವರ ಬೆನ್ನು ನಡಗತಿತ್ತು. ನಾನ ಹೊಲಿದ ಅಂಗಿ, ಹೊಲಿಗಿ ಸೈತ ನಡಗೋದು ಕಾಣತಿತ್ತು. ಅವರಿಗೂ ಅಂಜಿಕಿ ಆಗತೈತಿ ಅಂತ ನಾ ತಿಳಕೊಂಡಿರಲಿಲ್ಲ." ಅಂಗಿಯ ಮಡಿಕೆ ಸವರುತ್ತ, "ಅಪ್ಪ ಹೋಗೂ ಮುಂದ ಯಾರರ ಹಿಂಥಾ ಪದ ಹಾಡಿದ್ರ ಚೊಲೊ ಇತ್ತು," ಎಂದ.

ಒಳಗಿನಿಂದ ಅವ್ವ ಹೇಳಿದಳು: "ಆಗ ನಾ ಹಾಡಿದ್ದೆ. ಭಾಳ ಚಂದ ಹಾಡಿದ್ದೆ."

ಬಾಳಪ್ಪ ಎದ್ದು ಒಳಗೆ ಹೋಗಿ ಅವಳ ಪಕ್ಕ ಕೂತ. ನಾನು ಅವರನ್ನು ಅವರ ಪಾಡಿಗೆ ಬಿಟ್ಟು ಹೊರಗೆ ಬಂದೆ.

ಆ ಸೊಲ್ಲು ಈಗಲೂ ಇದೆ. ಯಾರೂ ಅದನ್ನು ಬಿಡಿಸುವ ಪದ ಕಟ್ಟಿಸಿಲ್ಲ. ದಂಡು ಕೂಡಿದಾಗಲೆಲ್ಲ ದಳವಾಯಿಯೇ ಮುಂದೆ ನಿಲ್ಲಬೇಕು. ರುದ್ರಗೌಡರು ಆಮೇಲೆ ದಂಡು ಕೂಡಿಸಿಲ್ಲ. ಬೇರೆ ಹುಕುಂಗಳನ್ನು ಕೊಡುತ್ತಾರೆ, ನಾನು ಹಾಡುತ್ತೇನೆ. ಆದರೆ ಈಗ ಒಪ್ಪುವ ಮೊದಲು ಪ್ರತಿ ನುಡಿಯ ಅರ್ಥವನ್ನು ಹೆಂಡತಿಯನ್ನು ಕೇಳುತ್ತಾರೆ. ನಿಂಬೆವ್ವ ತಮಗೆ ಸರಿ ಕಂಡಷ್ಟು ಹೇಳುತ್ತಾರೆ.

ಬೇಸಿಗೆ ಏರಿದಾಗ, ಹೊಳೆಯಲ್ಲಿ ನೀರು ಮೊಣಕಾಲಿಗೆ ಇಳಿದ ಒಂದು ಬೆಳಿಗ್ಗೆ, ಆಚೆ ದಂಡೆಯಿಂದ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿ ನಡೆದುಕೊಂಡು ಬಂದಳು. ನನ್ನ ವಯಸ್ಸಿನವಳು. ಕೇಳಿಕೊಂಡು ಕೇಳಿಕೊಂಡು ನಮ್ಮ ಅಂಗಳಕ್ಕೇ ಬಂದು, ಬಗಲಲ್ಲಿದ್ದ ಕಲ್ಲಂಗಡಿಯನ್ನು ಜಗಲಿಯ ಮೇಲೆ ಇಳಿಸಿದಳು.

"ನಾ ಫಕೀರವ್ವ. ಆ ದಂಡ್ಯಾಗ ಹುಕುಂ ಹಾಡಾಕಿ," ಎಂದಳು. "ನಿಮ್ಮ ಸೊಲ್ಲು ಅವತ್ತ ನಮಗ ಕೇಳಿಸಿತ್ತು. ಕೂಸುಗಳ ಬಾಯಾಗ ಅದ ಆಗೈತಿ. ನಮ್ಮ ಸರದಾರನೂ ಬರೂ ಅಮಾಸಿಗೆ ದಂಡು ಕೂಡಿಸಾಂವ ಅದಾನ. ನಾನೂ ಅಂಥಾ ಪದಾನ ಕಟ್ಟಲಿಕ್ಕ ನೋಡಿದೆ. ಆದ್ರ ಅವನ ಹೆಸರು ಗುಂಡೇರಾವ. ಏನ್ ಮಾಡಿದ್ರೂ ಪ್ರಾಸ ಕೂಡವಲ್ದು."

"ದಂಡಿಗೆ ಅವನೂ ಹೋಗ್ತಾನೋ, ಮನ್ಯಾಗ ಕೂಡ್ತಾನೋ?" ಎಂದು ಕೇಳಿದೆ.

"ಮನ್ಯಾಗ."

"ಹಂಗಾದ್ರ ಪ್ರಾಸ ಸಿಕ್ಕ ಸಿಗತೈತಿ," ಎಂದೆ. "ಬಾ, ಕೂಡು."